ಹೊಲದ ಉಪ್ಪಿನ ಖಾತೆ

ಬೇಸಿಗೆಯಲ್ಲಿ ನಮ್ಮ ಕಡೆಯ ಕೆಲವು ಹೊಲಗಳ ಮೇಲೆ ಬೆಳ್ಳಗೆ ಪುಡಿ ಕಾಣಿಸಿಕೊಳ್ಳುತ್ತದೆ. ರೈತರು ಅದನ್ನು ಚೌಳು ಎನ್ನುತ್ತಾರೆ. ನಮ್ಮ ಮನೆಯ ಉರ್ದುವಿನಲ್ಲಿ ಉಪ್ಪುಪ್ಪಾದ ಬೋರ್‌ವೆಲ್ ನೀರಿಗೆ 'ಖಾರಾ ಪಾನಿ' ಎಂದು ಹೆಸರು. ಕೃಷಿ ನಮ್ಮ ಕಾಮರ್ಸ್ ವಿಭಾಗದ ವಿಷಯವಲ್ಲ, ನಿಜ. ಆದರೆ ಚೌಳು ಎಂಬುದು ಜಮೆ-ಖರ್ಚಿನ ಲೆಕ್ಕವೇ.

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆ ಒಣಗಿದರೆ ಬೋರ್‌ವೆಲ್ಲೇ ಗತಿ. ಸಾವಿರ ಅಡಿ ದಾಟಿದವೂ ಇವೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಲವಣಗಳು ಕರಗಿರುತ್ತವೆ. ಒಂದು ಲೀಟರಿನಲ್ಲಿ 1 ಗ್ರಾಂ ಉಪ್ಪಿದೆ ಎಂದುಕೊಳ್ಳೋಣ. ಒಂದು ಎಕರೆ ಟೊಮ್ಯಾಟೊಗೆ 20 ಲಕ್ಷ ಲೀಟರ್ ನೀರು ಬಿಟ್ಟರೆ ಹೊಲಕ್ಕೆ 2,000 ಕೆ.ಜಿ. ಉಪ್ಪು ಜಮೆ. ಅಂದರೆ 50 ಕೆ.ಜಿ.ಯ 40 ಮೂಟೆ! ನೀರನ್ನು ಗಿಡ ಹೀರುತ್ತದೆ, ಬಿಸಿಲು ಹೀರುತ್ತದೆ. ಉಪ್ಪು ಮಾತ್ರ ಬಹುಪಾಲು ಅಲ್ಲೇ ಉಳಿಯುತ್ತದೆ. ಖರ್ಚಿನ ಕಡೆ ಬರೆಯಲು ಇರುವುದು ಮುಖ್ಯವಾಗಿ ಜೋರು ಮಳೆ. ಅದು ಉಪ್ಪನ್ನು ಬೇರಿನ ಕೆಳಕ್ಕೆ ತೊಳೆಯಬೇಕು. ನಮ್ಮ ಕೆಂಪು ಮಣ್ಣಿನಲ್ಲಿ ನೀರು ಸುಲಭವಾಗಿ ಇಳಿಯುವುದರಿಂದ ತುಂಗಭದ್ರಾ ಅಚ್ಚುಕಟ್ಟಿನ ಕಪ್ಪು ಮಣ್ಣಿನಷ್ಟು ಕಷ್ಟ ನಮಗಿಲ್ಲ. ಆದರೂ ಕೆರೆಯ ಕೆಳಗಿನ ತಗ್ಗಿನಲ್ಲಿ, ಮಳೆ ಕೈಕೊಟ್ಟ ವರ್ಷದಲ್ಲಿ, ಬಾಕಿ ಬೆಳೆಯುತ್ತದೆ.

ಮಣ್ಣಿನ ಉಪ್ಪನ್ನು ವಿದ್ಯುತ್ ವಾಹಕತೆಯಿಂದ ಅಳೆಯುತ್ತಾರೆ. ಏಕಮಾನ ಡೆಸಿಸೀಮೆನ್ಸ್. ಟೊಮ್ಯಾಟೊ 2.5ರವರೆಗೆ ತಡೆಯುತ್ತದೆ, ಆಮೇಲೆ ಪ್ರತಿ ಏಕಮಾನಕ್ಕೆ ಇಳುವರಿ ಸುಮಾರು ಶೇ. 10 ಇಳಿಯುತ್ತದೆ. ಬೀನ್ಸ್ 1 ದಾಟಿದರೆ ಸಾಕು, ಏಕಮಾನಕ್ಕೆ ಶೇ. 19 ನಷ್ಟ. ಸಾಲ ಮಾಡಿ ಬೆಳೆಯಿಟ್ಟವರಿಗೆ ಲಾಭವೆಲ್ಲ ಅಲ್ಲೇ ಹೋಗುತ್ತದೆ.

ಬಂಗಾರಪೇಟೆ ಹತ್ತಿರ ಹೊಲವಿರುವ ನಮ್ಮ ಮಾಮೂಗೆ ಒಬ್ಬ ಅಂಗಡಿಯವರು "ಬೆಳ್ಳಗಾಗಿದೆಯಾ? ಜಿಪ್ಸಂ ಹಾಕಿ" ಎಂದಿದ್ದರು. ಮಾಮೂ ಮೊದಲು ಮಣ್ಣು ಪರೀಕ್ಷೆ ಮಾಡಿಸಿದರು. ಇಲ್ಲೇ ಜಾಸ್ತಿ ಜನ ದುಡ್ಡು ಕಳೆಯುವುದು. ಜಿಪ್ಸಂ ಬೇಕಾದದ್ದು ಕ್ಷಾರ ಮಣ್ಣಿಗೆ, ಅಂದರೆ ರಸಸಾರ 8.5 ದಾಟಿ, ಸೋಡಿಯಂ ಹೆಚ್ಚಾಗಿ, ಒದ್ದೆಯಾದಾಗ ಕೆಸರಾಗಿ ಒಣಗಿದಾಗ ಕಲ್ಲಾಗುವ ಮಣ್ಣಿಗೆ. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂ ಅನ್ನು ಹೊರದೂಡುತ್ತದೆ. ಬರೀ ಉಪ್ಪಾದ ಮಣ್ಣಿಗೆ ಹಾಕಿದರೆ ಇನ್ನೊಂದು ಲವಣ ಸೇರಿಸಿದಂತೆ. ಅದಕ್ಕೆ ಬೇಕಾದದ್ದು ಬದು ಕಟ್ಟಿ ಮಳೆನೀರನ್ನು ಹೊಲದಲ್ಲೇ ಇಂಗಿಸುವುದು, ಕೊಟ್ಟಿಗೆ ಗೊಬ್ಬರ, ಹೊಂಗೆ ಸೊಪ್ಪು, ಮೇಲೊಂದು ಹೊದಿಕೆ. ಟೊಮ್ಯಾಟೊ ಸೋತಲ್ಲಿ ಒಂದೆರಡು ವರ್ಷ ಮಳೆಗಾಲದ ರಾಗಿ ಹಾಕಿದರೆ ಬೋರ್‌ವೆಲ್ ನೀರಿನ ಜಮೆಯೂ ನಿಲ್ಲುತ್ತದೆ.

ಡ್ರಿಪ್ ಹಾಕಿದವರಿಗೆ ಒಂದು ಮಾತು. ಡ್ರಿಪ್ಪಿನಲ್ಲಿ ಉಪ್ಪು ಒದ್ದೆ ಜಾಗದ ಅಂಚಿಗೆ ಸರಿದು ಕೂರುತ್ತದೆ. ಸಣ್ಣ ತುಂತುರು ಮಳೆ ಬಂದರೆ ಅದೇ ಉಪ್ಪು ಬೇರಿಗೆ ವಾಪಸ್ಸು ಬರುತ್ತದೆ. ಆದ್ದರಿಂದ ತುಂತುರು ಬೀಳುವಾಗ ಡ್ರಿಪ್ ನಿಲ್ಲಿಸಬಾರದು.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಎರಡು ಹಂತದ ಸಂಸ್ಕರಣೆ ಕೊಳೆಯನ್ನು ತೆಗೆಯುತ್ತದೆ, ಕರಗಿದ ಉಪ್ಪನ್ನಲ್ಲ. ಅಂಥ ಕೆರೆಯ ಕೆಳಗಿನವರು ಬಾವಿ ನೀರನ್ನೂ ಪರೀಕ್ಷೆಗೆ ಕೊಡುವುದು ಒಳ್ಳೆಯದು. (ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳ ಧೂಳು ಬೇರೆಯೇ ವಿಷಯ. ಅದು 2001ರಲ್ಲಿ ಮುಚ್ಚಿದ ಗಣಿಯ ಅರೆದ ಕಲ್ಲು, ಅದಕ್ಕೆ ಈ ಉಪಾಯಗಳು ಸಲ್ಲವು.)

ಮಣ್ಣನ್ನು ಮಳೆಗೆ ಮುಂಚೆ ತೆಗೆಯಬೇಕು. ಐದಾರು ಕಡೆ 15 ಸೆಂ.ಮೀ. ಆಳ ಅಗೆದು, ಬೆರೆಸಿ, ಅರ್ಧ ಕೆ.ಜಿ.ಯಷ್ಟು ರೈತ ಸಂಪರ್ಕ ಕೇಂದ್ರಕ್ಕೆ ಕೊಡಿ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ರಸಸಾರ, ವಾಹಕತೆ ಎರಡೂ ಇರುತ್ತವೆ. ಆದರೆ ಚೀಟಿಗಾಗಿ ಮಣ್ಣನ್ನು ಎರಡು ಪಟ್ಟಿಗೂ ಹೆಚ್ಚು ನೀರಿನಲ್ಲಿ ಕದಡಿ ಅಳೆಯುವುದರಿಂದ ಅಂಕಿ ಕಡಿಮೆ ಬರುತ್ತದೆ. ಮೇಲೆ ಹೇಳಿದ 2.5ಕ್ಕೆ ಅದನ್ನು ನೇರವಾಗಿ ಹೋಲಿಸಬೇಡಿ; ಚೀಟಿಯಲ್ಲಿ 1 ದಾಟಿದ್ದರೇ ಅಧಿಕಾರಿಯನ್ನು ಕೇಳಿ.