ಕಾಲೇಜು ಸೇರುವ ಮಕ್ಕಳು ಮತ್ತು ಪಾಲಕರ ಮನೋಧರ್ಮ

ಶಾಲೆಯ ವಿದ್ಯಾಭ್ಯಾಸವನ್ನು ಪೂರೈಸಿದ ಬಾಲಕ ಬಾಲಿಕೆಯರು ಉಚ್ಚ ಶಿಕ್ಷಣಕ್ಕಾಗಿ ಊರು ಬಿಟ್ಟು ಹೊರಡುವ ಗಳಿಗೆಯು ಪ್ರತಿಯೊಂದು ಕುಟುಂಬದ ಬಾಳಿನಲ್ಲಿಯೂ ಒಂದು ಸಂಧಿಕಾಲವಾಗಿದೆ. ಆ ಗಳಿಗೆಗಾಗಿ ಮಕ್ಕಳನ್ನು ಸಿದ್ಧಗೊಳಿಸಲು ಶಾಲೆಗಳು ಹತ್ತು ವರ್ಷಗಳ ಕಾಲ ಶ್ರಮಿಸುತ್ತವೆ. ಆದರೆ ಪಾಲಕರನ್ನು ಸಿದ್ಧಗೊಳಿಸುವ ಪಾಠವು ಯಾವ ಪಠ್ಯಕ್ರಮದಲ್ಲಿಯೂ ಇಲ್ಲ. ಹೊರಟ ಮಗನಿಗೆ ಹೊಸ ಊರು, ಹೊಸ ಗೆಳೆಯರು, ಹೊಸ ಪುಸ್ತಕಗಳು ಎದುರು ನೋಡುತ್ತಿರುತ್ತವೆ. ಮನೆಯಲ್ಲಿ ಉಳಿದ ತಾಯಿಗೆ ತೆರವಾದ ಒಂದು ಹಾಸಿಗೆ ಮಾತ್ರ ಉಳಿದಿರುತ್ತದೆ. ಈ ತೆರವನ್ನು ಪಾಲಕರು ಹೇಗೆ ತಾಳಿಕೊಳ್ಳುತ್ತಾರೆ ಎಂಬುದರ ಮೇಲೆ ಮಕ್ಕಳ ಮುಂದಿನ ಬೆಳವಣಿಗೆ ಬಹುಮಟ್ಟಿಗೆ ಅವಲಂಬಿಸಿರುವುದರಿಂದ, ಈ ವಿಷಯವು ಶಿಕ್ಷಕರೂ ಶಿಕ್ಷಣಪ್ರೇಮಿಗಳೂ ಆಲೋಚಿಸತಕ್ಕದ್ದಾಗಿದೆ.

ಹಿಂದಿನವರ ಅಗಲಿಕೆ

ಮಕ್ಕಳನ್ನು ವಿದ್ಯೆಗಾಗಿ ದೂರ ಕಳುಹಿಸುವುದು ಕನ್ನಡ ನಾಡಿಗೆ ಹೊಸತಲ್ಲ. ೧೯೧೭ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಸ್ಥಾಪನೆಯಾಗುವವರೆಗೆ, ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳ ತರುಣರು ಪದವಿಗಾಗಿ ಪುಣೆ, ಮುಂಬಯಿಗಳಿಗೆ ಹೋಗಬೇಕಾಗಿತ್ತು. ವರಕವಿ ದ. ರಾ. ಬೇಂದ್ರೆಯವರು ಬಿ.ಎ. ಪದವಿಯನ್ನು ಪಡೆದುದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಬಡ ಮಕ್ಕಳಿಗೆ ಆ ದಾರಿಯೂ ತೆರೆದಿರಲಿಲ್ಲ. ೧೮೮೩ರಲ್ಲಿ ಧಾರವಾಡದಲ್ಲಿ ಹುಟ್ಟಿದ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ, ೧೯೧೬ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ, ತಮ್ಮ ಸಂಪತ್ತನ್ನು ವಿದ್ಯಾರ್ಥಿಗಳಿಗಾಗಿ ಮೀಸಲಿರಿಸಿದ ತ್ಯಾಗವೀರ ಸಿರಸಂಗಿ ಲಿಂಗರಾಜರು, ಇವರೆಲ್ಲ ಈ ಕೊರತೆಯನ್ನು ಕಂಡೇ ಕಾರ್ಯಪ್ರವೃತ್ತರಾದರು. ೧೯೪೧ರಲ್ಲಿ ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳು ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ತೆರೆದರು. ಅದೇ ವರ್ಷ ಸಿದ್ಧಗಂಗೆಯ ಹೊಣೆಯನ್ನು ಹೊತ್ತ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳು ೨೦೧೯ರಲ್ಲಿ ಲಿಂಗೈಕ್ಯರಾಗುವವರೆಗೆ ಜಾತಿಮತಗಳ ಭೇದವಿಲ್ಲದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿದರು.

ಇಂಥ ಪ್ರಸಾದನಿಲಯಗಳಿಗೆ ಮಕ್ಕಳನ್ನು ತಂದು ಬಿಟ್ಟ ತಂದೆತಾಯಿಗಳಲ್ಲಿ ಎಷ್ಟೋ ಜನ ಓದುಬರಹ ಬಲ್ಲವರಾಗಿರಲಿಲ್ಲ. ಮಗ ಏನು ಓದುತ್ತಾನೆಂಬುದು ಅವರಿಗೆ ತಿಳಿಯದು. ಕಾಗದ ಬಂದರೆ ಊರ ಮಾಸ್ತರರಿಂದ ಓದಿಸಬೇಕು. ಟ್ರಂಕು, ರೊಟ್ಟಿಯ ಬುತ್ತಿ, ಶೇಂಗಾ ಚಟ್ನಿಯ ಡಬ್ಬಿಗಳನ್ನು ಇಳಿಸಿ, ಸ್ವಾಮಿಗಳ ಪಾದಕ್ಕೆರಗಿ, "ಇನ್ನು ಇವ ನಿಮ್ಮವ" ಎಂದು ಹೇಳಿ ಅವರು ಹಿಂದಿರುಗುತ್ತಿದ್ದರು. ಅವರ ಸಂಕಟವು ಇಂದಿನವರ ಸಂಕಟಕ್ಕಿಂತ ಕಡಿಮೆಯಾದುದೆಂದು ಭಾವಿಸಲಾಗದು. ಆದರೆ ದೂರವೇ ಅವರ ಪರವಾಗಿ ಅರ್ಧ ಕೆಲಸವನ್ನು ಮಾಡಿತ್ತು. ಮಗನ ದಿನಚರಿಯಲ್ಲಿ ಕೈಯಾಡಿಸಬೇಕೆಂದರೂ ಅವರಿಗೆ ಸಾಧ್ಯವಿರಲಿಲ್ಲ. ಮಗನು ತನ್ನ ಬಟ್ಟೆಯನ್ನು ತಾನೇ ಒಗೆದುಕೊಂಡು, ತನ್ನ ಜ್ವರವನ್ನು ತಾನೇ ನಿಲಯಪಾಲಕರಿಗೆ ತಿಳಿಸಿ, ತನ್ನ ಸೋಲನ್ನು ತಾನೇ ನುಂಗಿಕೊಂಡು ಬೆಳೆದನು.

ಇಂದು ಆ ದೂರ ಅಳಿದುಹೋಗಿದೆ. ಕಲಬುರ್ಗಿಯ ತಾಯಿ ಬೆಂಗಳೂರಿನ ಮಗಳ ಊಟದ ತಟ್ಟೆಯನ್ನು ಮೊಬೈಲಿನಲ್ಲಿ ದಿನಕ್ಕೆರಡು ಸಲ ನೋಡಬಲ್ಲಳು. ಮಗಳು ಯಾವ ರಸ್ತೆಯಲ್ಲಿರುವಳೆಂಬುದನ್ನೂ ತಂದೆ ತಿಳಿಯಬಲ್ಲನು. ಇದು ದೊಡ್ಡ ಅನುಕೂಲವೇ ಸರಿ. ಆದರೆ ಹಿಂದೆ ಪರಿಸ್ಥಿತಿಯು ತಾನಾಗಿ ಕಲಿಸುತ್ತಿದ್ದ ಬಿಡುವಿಕೆಯನ್ನು ಇಂದಿನ ಪಾಲಕರು ಸ್ವಂತ ವಿವೇಕದಿಂದ ಕಲಿಯಬೇಕಾಗಿದೆ. ಇಂದಿನ ಸಮಸ್ಯೆಯ ತಿರುಳು ಇದೇ.

ಮನೋವಿಜ್ಞಾನದ ತಿಳಿವು

ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿಯವರು ತಾಯಿ-ಮಕ್ಕಳ ಬಾಂಧವ್ಯವನ್ನು ಕುರಿತು ದೀರ್ಘಕಾಲ ಅಧ್ಯಯನ ನಡೆಸಿದರು. ಅವರ ಸಹೋದ್ಯೋಗಿಯಾಗಿದ್ದ ಮೇರಿ ಐನ್ಸ್‌ವರ್ತರು ಉಗಾಂಡಾ ದೇಶದ ಹಳ್ಳಿಗಳಲ್ಲಿಯೂ ಅನಂತರ ಅಮೆರಿಕೆಯಲ್ಲಿಯೂ ಕೂಸುಗಳ ನಡತೆಯನ್ನು ಗಮನಿಸಿದರು. ತಾಯಿಯ ವಿಷಯದಲ್ಲಿ ಭರವಸೆಯುಳ್ಳ ಕೂಸು ಆಕೆಯ ಸೆರಗನ್ನು ಹಿಡಿದೇ ಕುಳಿತಿರುವುದಿಲ್ಲ. ಧೈರ್ಯವಾಗಿ ಅಂಬೆಗಾಲಿಟ್ಟು ದೂರ ಹೋಗುತ್ತದೆ, ಅಂಜಿದಾಗ ಮರಳಿ ಬಂದು ಮತ್ತೆ ಹೋಗುತ್ತದೆ. ತಾಯಿಯು ಕೂಸಿಗೆ ಒಂದು ಭದ್ರ ನೆಲೆ. ಆ ನೆಲೆಯು ಗಟ್ಟಿಯಾಗಿದ್ದಷ್ಟೂ ಕೂಸಿನ ಸಂಚಾರ ವಿಸ್ತಾರವಾಗುತ್ತದೆ.

ಅಂಗಳ ದಾಟುವ ಕೂಸಿಗೆ ಸಲ್ಲುವ ಈ ಮಾತು ಊರು ದಾಟುವ ತರುಣನಿಗೂ ಸಲ್ಲುತ್ತದೆ. ಹರೆಯದಲ್ಲಿ ತಾನು ಯಾರೆಂಬುದನ್ನು ಕಂಡುಕೊಳ್ಳುವುದೇ ಮುಖ್ಯ ಕಾರ್ಯವೆಂದು ಎರಿಕ್ ಎರಿಕ್‌ಸನ್ನರು ಪ್ರತಿಪಾದಿಸಿದರು. ಹದಿನೆಂಟರಿಂದ ಇಪ್ಪತ್ತೈದರವರೆಗಿನ ಅವಧಿಯು ಬಾಲ್ಯವೂ ಅಲ್ಲದ, ಪೂರ್ಣ ಪ್ರೌಢಿಮೆಯೂ ಅಲ್ಲದ ಒಂದು ಪ್ರತ್ಯೇಕ ಘಟ್ಟವೆಂದು ಜೆಫ್ರಿ ಆರ್ನೆಟ್ಟರು ೨೦೦೦ದಲ್ಲಿ ಸೂಚಿಸಿದರು. ಕೈಗಾರಿಕಾ ಸಮಾಜಗಳನ್ನು ನೋಡಿ ಹೇಳಿದ ಆ ಮಾತು ಕೂಡುಕುಟುಂಬದ ಎಲ್ಲ ಮನೆಗಳಿಗೂ ಯಥಾವತ್ತಾಗಿ ಹೊಂದಲಾರದು. ಆದರೂ ಮಗುವು ಒಂದೇ ದಿನದಲ್ಲಿ ದೊಡ್ಡವನಾಗುವುದಿಲ್ಲ ಎಂಬ ಅದರ ಸಾರವನ್ನು ಯಾರೂ ಅಲ್ಲಗಳೆಯಲಾರರು. ಎಸ್.ಎಸ್.ಎಲ್.ಸಿ. ಮುಗಿಸಿ ಪಿ.ಯು.ಸಿ. ಸೇರುವ ಮಕ್ಕಳು ಹದಿನಾರರ ಆಸುಪಾಸಿನವರು. ಕಾನೂನಿನ ದೃಷ್ಟಿಯಲ್ಲಿ ಇನ್ನೂ ಅಪ್ರಾಪ್ತವಯಸ್ಕರು. ಪದವಿಗೆ ಸೇರುವವರು ಹದಿನೆಂಟನ್ನು ಮುಟ್ಟಿ ಮತ ಹಾಕುವ ಹಕ್ಕನ್ನು ಪಡೆದವರು. ಇವರಿಬ್ಬರಿಗೂ ಒಂದೇ ಅಳತೆಯ ಸ್ವಾತಂತ್ರ್ಯ ಹೊಂದದು. ಹಗ್ಗವನ್ನು ಒಮ್ಮೆಗೇ ಬಿಡದೆ ಮೊಳಮೊಳವಾಗಿ ಬಿಡುತ್ತ ಹೋಗುವುದೇ ಜಾಣತನ.

ಪಾಲಕರ ಅಂಜಿಕೆಗಳು

ಪಾಲಕರ ಅತಿ ಕಾಳಜಿಯನ್ನು ಮೋಹವೆಂದು ತೆಗೆದುಹಾಕುವುದು ಸುಲಭ. ಅದರ ಹಿಂದಿರುವ ಅಂಜಿಕೆಗಳು ನಿಜವಾದವು. ಮೊದಲನೆಯದು ಹಣದ ಅಂಜಿಕೆ. ಬಯಲುಸೀಮೆಯ ಒಕ್ಕಲುಮನೆಯೊಂದು ಹೊಲವನ್ನು ಒತ್ತೆಯಿಟ್ಟು ಮಗನ ಶುಲ್ಕ ಕಟ್ಟಿದ್ದರೆ, ಆ ಮಗನ ಪ್ರತಿಯೊಂದು ಪರೀಕ್ಷೆಯೂ ಮನೆಯವರ ಪಾಲಿಗೆ ಮಳೆಗಾಲದಂತೆಯೇ ಆಗುತ್ತದೆ. ಎರಡನೆಯದು ಸಹವಾಸದ ಅಂಜಿಕೆ. ಮೂರನೆಯದು, ಓದಿದ ಮಗ ತಮ್ಮನ್ನು ಕಂಡು ನಾಚಿಕೊಂಡಾನು, ಊರಿಗೆ ಮರಳಲಾರನು ಎಂಬ, ಬಾಯಿಬಿಟ್ಟು ಹೇಳದ ಅಂಜಿಕೆ. ಹೆಣ್ಣುಮಕ್ಕಳ ವಿಷಯದಲ್ಲಿ ಜನರ ಮಾತಿನ ಭಯವೂ ಸೇರಿ, ಎಷ್ಟೋ ಬಾಲಕಿಯರ ಓದು ಹಾಸ್ಟೆಲಿನ ಬಾಗಿಲವರೆಗೂ ಬಾರದೆ ಮದುವೆಯ ಚಪ್ಪರದಲ್ಲಿ ಮುಗಿದುಹೋಗುತ್ತದೆ. ಹನ್ನೆರಡನೆಯ ಶತಮಾನದಲ್ಲಿಯೇ ಉಡುತಡಿಯಿಂದ ಕಲ್ಯಾಣದವರೆಗೆ ಒಬ್ಬಳೇ ನಡೆದು ಅನುಭವ ಮಂಟಪದಲ್ಲಿ ಗೌರವ ಪಡೆದ ಅಕ್ಕಮಹಾದೇವಿಯನ್ನು ಪೂಜಿಸುವ ಸಮಾಜದಲ್ಲಿ ಇದು ಶೋಭಿಸುವ ಮಾತಲ್ಲ.

ಹೇಳಿಕೊಳ್ಳಲಾಗದ ಅಂಜಿಕೆಯು ಅಪ್ಪಣೆಯ ರೂಪದಲ್ಲಿ ಹೊರಬೀಳುತ್ತದೆ. "ಎಷ್ಟು ಅಂಕ ಬಂತು? ಯಾರ ಜೊತೆಗಿದ್ದೆ? ಫೋನು ಏಕೆ ಎತ್ತಲಿಲ್ಲ?" ಎಂಬ ಪ್ರಶ್ನೆಗಳು ದಿನವೂ ಬಂದಾಗ ಮಗನು ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾನೆ: ಸ್ವಂತ ನಿರ್ಧಾರವನ್ನೇ ಮಾಡದವನಾಗುತ್ತಾನೆ, ಇಲ್ಲವೆ ನಿಜವನ್ನು ಮುಚ್ಚಿಡುವುದನ್ನು ಕಲಿಯುತ್ತಾನೆ. ಎರಡನೆಯದು ಹೆಚ್ಚು ಅಪಾಯಕಾರಿ. ಶಾಲೆಯಲ್ಲಿ ಸದಾ ಮೊದಲನೆಯವನಾಗಿದ್ದ ಹುಡುಗ ಕಾಲೇಜಿನ ಮೊದಲ ಪರೀಕ್ಷೆಯಲ್ಲಿ ನಪಾಸಾದಾಗ, ಆ ಸುದ್ದಿಯನ್ನು ಹೇಳಲು ಅವನಿಗೆ ಮನೆಯೇ ಅತ್ಯಂತ ಭಯದ ಸ್ಥಳವಾಗಿಬಿಟ್ಟಿದ್ದರೆ, ಅವನು ಇನ್ನಾರ ಬಳಿ ಹೋಗಬೇಕು? ಏಕಾಂತದಲ್ಲಿ ಬೆಳೆದ ಇಂಥ ನಿರಾಶೆಯು ಜೀವಕ್ಕೇ ಎರವಾಗಬಹುದೆಂಬುದನ್ನು ಯಾವ ಪಾಲಕರೂ ಮರೆಯುವಂತಿಲ್ಲ.

ಆಚರಣೆಯ ಮಾರ್ಗ

ಬಿಡುವಿಕೆಯ ಅಭ್ಯಾಸವು ಕಾಲೇಜಿನ ಬಾಗಿಲಲ್ಲಿ ಆರಂಭವಾಗಬಾರದು. ಹತ್ತನೆಯ ತರಗತಿಯಲ್ಲಿಯೇ ಆರಂಭವಾಗಬೇಕು. ತನ್ನ ಬಟ್ಟೆ ಒಗೆಯುವುದು, ಅನ್ನ-ಸಾರು ಮಾಡುವುದು, ಒಬ್ಬನೇ ಬಸ್ಸಿನಲ್ಲಿ ಬಂಧುಗಳ ಊರಿಗೆ ಹೋಗಿಬರುವುದು, ತಿಂಗಳ ಖರ್ಚನ್ನು ಬರೆದಿಡುವುದು, ಇವೆಲ್ಲ ಮನೆಯಲ್ಲಿಯೇ ಕಲಿಯಬೇಕಾದ ಪಾಠಗಳು. ಹತ್ತು ವರ್ಷ ಮೀರಿದ ಮಕ್ಕಳು ಉಳಿತಾಯ ಖಾತೆಯನ್ನು ಸ್ವತಃ ನಡೆಸುವುದಕ್ಕೆ ರಿಸರ್ವ್ ಬ್ಯಾಂಕು ೨೦೧೪ರಲ್ಲಿಯೇ ಅವಕಾಶವಿತ್ತಿದೆ. ಸಣ್ಣ ಮೊತ್ತದಲ್ಲಿ ತಪ್ಪು ಮಾಡಿ ಕಲಿತವನು ದೊಡ್ಡ ಮೊತ್ತದಲ್ಲಿ ಎಡವುವುದು ಕಡಿಮೆ. ಯಾವ ವಿಷಯವನ್ನು ಓದಬೇಕೆಂಬ ನಿರ್ಧಾರದಲ್ಲಿಯೂ ಮಗುವಿನ ಮಾತಿಗೆ ಬೆಲೆಯಿರಬೇಕು. ತನ್ನದಲ್ಲದ ಆಯ್ಕೆಯ ಭಾರವನ್ನು ಹೊರುವವನಿಗೆ ಸೋತಾಗ ಎದ್ದು ನಿಲ್ಲುವ ಬಲ ಕಡಿಮೆ.

ಸೇರಿದ ಮೊದಲ ತಿಂಗಳು ಇಬ್ಬರಿಗೂ ಕಠಿಣವಾದುದು. ಮನೆಯ ನೆನಪಿನಿಂದ ಅಳುವ ಮಗಳನ್ನು ಒಡನೆಯೇ ಕರೆತರುವ ಆತುರ ಬೇಡ. "ಅಳಬೇಡ" ಎಂದು ಗದರುವುದೂ ಬೇಡ. ವಾರದಲ್ಲಿ ಎರಡು ಮೂರು ದಿನ ಗೊತ್ತಾದ ಹೊತ್ತಿನಲ್ಲಿ ಮಾತನಾಡುವ ಏರ್ಪಾಡು ಸಾಕು. ಆ ಮಾತಿನಲ್ಲಿ ಅಂಕಗಳ ವಿಚಾರಣೆ ಕೊನೆಗಿರಲಿ. ಊರ ಸುದ್ದಿ, ಎತ್ತು-ಎಮ್ಮೆಗಳ ಸುದ್ದಿ, ಅಜ್ಜಿಯ ಕಾಲುನೋವು ಮೊದಲಿರಲಿ. ಮಗಳು ತೊಡಕೊಂದನ್ನು ಹೇಳಿದಾಗ ಪರಿಹಾರವನ್ನು ಕೊಡುವ ಮುನ್ನ, "ನೀನು ಏನು ಮಾಡಬೇಕೆಂದಿದ್ದೀ?" ಎಂದು ಕೇಳುವ ತಾಳ್ಮೆ ಬೇಕು. ಹಾಜರಿ, ಕೋಣೆಯ ಬದಲಾವಣೆ, ಶುಲ್ಕದ ರಸೀತಿ ಮುಂತಾದ ಸಾಮಾನ್ಯ ಕೆಲಸಗಳಿಗೆ ತಂದೆಯೇ ಪ್ರಾಂಶುಪಾಲರ ಕೋಣೆಗೆ ಹೋಗುವುದು ಮಗನಿಗೆ ಉಪಕಾರವಲ್ಲ.

ಆದರೆ ಬಿಡುವುದಕ್ಕೂ ಒಂದು ಎಲ್ಲೆಯುಂಟು. ರ್‍ಯಾಗಿಂಗಿನ ಪೀಡೆ, ದೀರ್ಘ ಕಾಯಿಲೆ, ಮಾದಕ ವಸ್ತುಗಳ ಸಹವಾಸ, ಊಟ ನಿದ್ರೆಗಳನ್ನು ಬಿಟ್ಟ ಮೌನ, ಬದುಕು ಬೇಡವೆಂಬ ಮಾತು, ಇವುಗಳಲ್ಲಿ ಒಂದು ಕಂಡರೂ ಪಾಲಕರು ತಡಮಾಡದೆ ಧಾವಿಸಬೇಕು. ರ್‍ಯಾಗಿಂಗನ್ನು ತಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗವು ೨೦೦೯ರಲ್ಲಿ ನಿಯಮಗಳನ್ನು ಹೊರಡಿಸಿದೆ. ವಿದ್ಯಾರ್ಥಿಯಂತೆ ಪಾಲಕರೂ ಮುಚ್ಚಳಿಕೆ ಬರೆದುಕೊಡಬೇಕೆಂಬುದು ಅದರಲ್ಲಿದೆ. ಆ ಕಾಗದಕ್ಕೆ ಓದದೆ ಸಹಿ ಹಾಕುವ ಬದಲು, ಮಗನೊಡನೆ ಕುಳಿತು ಓದುವುದು ಒಳಿತು. ಮನಸ್ಸಿನ ಬೇಗುದಿಗೆ ನೆರವಾಗಲು ೨೦೨೨ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯು ೧೪೪೧೬ ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ದೊರೆಯುತ್ತದೆ. ಪಾಲಕರು ತಮ್ಮ ದುಗುಡಕ್ಕಾಗಿಯೂ ಅದನ್ನು ಬಳಸಿಕೊಳ್ಳಬಹುದು.

ಶಿಕ್ಷಕರು, ಹಳೆಯ ವಿದ್ಯಾರ್ಥಿಗಳು, ದಾನಿಗಳು

ಈ ಕಾರ್ಯದಲ್ಲಿ ಪಾಲಕರು ಒಂಟಿಯಾಗಬಾರದು. ಹತ್ತನೆಯ ತರಗತಿಯ ಪಾಲಕರ ಸಭೆಯಲ್ಲಿ ಅಂಕಗಳ ಚರ್ಚೆಯೊಂದಿಗೆ, ಮುಂದಿನ ಅಗಲಿಕೆಯ ಕುರಿತು ಅರ್ಧ ಗಂಟೆಯನ್ನಾದರೂ ಶಿಕ್ಷಕರು ಮೀಸಲಿಡಬೇಕು. ಹತ್ತು ವರ್ಷ ಮಗುವನ್ನು ಕಂಡ ಶಿಕ್ಷಕರು, "ನಿಮ್ಮ ಹುಡುಗ ನಿಭಾಯಿಸಿಕೊಂಡು ಹೋಗಬಲ್ಲ" ಎಂದು ಆಡುವ ಒಂದು ಮಾತಿಗೆ ಇರುವ ಶಕ್ತಿ ದೊಡ್ಡದು. ಧಾರವಾಡ, ಮೈಸೂರು, ದಾವಣಗೆರೆ, ಬೆಂಗಳೂರುಗಳಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ಹೊಸದಾಗಿ ಬಂದವರಿಗೆ ಅಣ್ಣ ಅಕ್ಕಂದಿರಂತೆ ನಿಂತು, ತಿಂಗಳಿಗೊಮ್ಮೆ ಮನೆಗೆ ಕರೆದು ಊಟ ಹಾಕಿದರೂ ಹಳ್ಳಿಯಲ್ಲಿರುವ ತಾಯಿಯ ಅರ್ಧ ಚಿಂತೆ ಹಗುರವಾಗುತ್ತದೆ. ದಾನಿಗಳು ಕೊಡುವ ವಿದ್ಯಾರ್ಥಿವೇತನವು ವಿದ್ಯಾರ್ಥಿಯ ಸ್ವಂತ ಖಾತೆಗೆ ಸಂದು, ಅದರ ಲೆಕ್ಕವನ್ನು ಅವನೇ ಒಪ್ಪಿಸುವಂತಾದರೆ ದಾಸೋಹದೊಂದಿಗೆ ಹೊಣೆಗಾರಿಕೆಯ ಶಿಕ್ಷಣವೂ ದೊರೆತಂತಾಗುತ್ತದೆ.

ಉಪಸಂಹಾರ

ಶರಣ ಸಂಪ್ರದಾಯವು ಈ ತತ್ತ್ವವನ್ನು ಆಚರಣೆಯಲ್ಲಿಯೇ ಇರಿಸಿದೆ. ಕೂಸಿಗೆ ಲಿಂಗಧಾರಣೆಯಾದಾಗ ಆ ಲಿಂಗವನ್ನು ಜೋಪಾನ ಮಾಡುವವಳು ತಾಯಿ. ದೀಕ್ಷೆಯಾದ ಬಳಿಕ ಅದು ಮಗುವಿನ ಅಂಗೈಗೆ ಬರುತ್ತದೆ. ಅಂದಿನಿಂದ ಪೂಜೆ ಮಗುವಿನದು. ತಂದೆಯ ನೇಮ ಎಷ್ಟೇ ನಿಷ್ಠೆಯದಾಗಿದ್ದರೂ ಅದು ಮಗನ ಲೆಕ್ಕಕ್ಕೆ ಸಲ್ಲದು. ತಾಯಿ ಪಕ್ಕದಲ್ಲಿ ಕುಳಿತಿರಬಹುದು, ಪತ್ರೆಯನ್ನು ತಂದಿಡಬಹುದು. ಅಂಗೈ ಮಾತ್ರ ಮಗುವಿನದೇ ಆಗಿರಬೇಕು. ವಿದ್ಯೆಯೂ ಹಾಗೆಯೇ, ಬಾಳೂ ಹಾಗೆಯೇ. ಮಕ್ಕಳ ಅಂಗೈಗೆ ಅವರ ಬಾಳನ್ನು ಒಪ್ಪಿಸಿ, ಅಂಜಿಕೆಯಿಲ್ಲದೆ ಮರಳಿ ಬರಬಹುದಾದ ಮನೆಯನ್ನು ಅವರಿಗಾಗಿ ತೆರೆದಿಡುವ ಪಾಲಕರು ಮಕ್ಕಳನ್ನು ಕಳೆದುಕೊಳ್ಳುವುದಿಲ್ಲ. ಇಂಥ ಮನೆಗಳು ನಾಡಿನಲ್ಲಿ ಹೆಚ್ಚಲಿ. ಅವುಗಳಿಂದ ಹೊರಟ ತರುಣ ತರುಣಿಯರು ಅರಿವು ಆಚಾರಗಳಲ್ಲಿ ಬೆಳೆದು, ಹೆತ್ತವರಿಗೂ ಗುರುಗಳಿಗೂ ಸಮಾಜಕ್ಕೂ ಆಸರೆಯಾಗಲಿ.