ಟ್ರಾಕ್ಟರಿನ ಒಂದು ಶಾಫ್ಟು, ತೋಟದ ಹಲವು ಕೆಲಸ

ಸದಸ್ಯ ಬಾಂಧವರಲ್ಲಿ ಸಣ್ಣ ಟ್ರಾಕ್ಟರು ಇಟ್ಟುಕೊಂಡವರು ಈಗ ಊರೂರಿಗೂ ಇದ್ದಾರೆ. ಗೊಬ್ಬರ ಸಾಗಿಸಲು, ಕೊಯ್ಲಿನ ಮೂಟೆ ತರಲು ಮಾತ್ರ ಅದನ್ನು ಬಳಸಿದರೆ ಹಾಕಿದ ಬಂಡವಾಳಕ್ಕೆ ತಕ್ಕ ಫಲ ಬರುವುದಿಲ್ಲ. ಕಾಫಿಗೆ ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್ ಪಂಪು, ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಸ್ಪ್ರೇಯರ್, ಗುಂಡಿ ತೋಡುವ ಯಂತ್ರ, ಪಲ್ಪರ್, ಸೋಗೆ ಪುಡಿ ಮಾಡುವ ಯಂತ್ರ, ಕರೆಂಟು ಹೋದಾಗ ಆಲ್ಟರ್ನೇಟರ್ ಇವೆಲ್ಲವನ್ನೂ ಟ್ರಾಕ್ಟರಿನ ಹಿಂಭಾಗದ ಪಿ.ಟಿ.ಓ. ಶಾಫ್ಟಿನಿಂದಲೇ ನಡೆಸಬಹುದು. ಹೇಗೆ ಜೋಡಿಸಬೇಕು, ಎಲ್ಲಿ ಎಚ್ಚರ ಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

1. ಮೊದಲು ವೇಗ

ಪಿ.ಟಿ.ಓ. ವೇಗಕ್ಕೆ ಪ್ರಮಾಣ ಗೊತ್ತುಮಾಡುವ ಕೆಲಸ ಅಮೆರಿಕದಲ್ಲಿ 1920ರ ದಶಕದಲ್ಲೇ ನಡೆಯಿತು. ಇಂದು ಮುಖ್ಯವಾಗಿ ಬಳಕೆಯಲ್ಲಿರುವ ವೇಗ ಎರಡು: ನಿಮಿಷಕ್ಕೆ 540 ಸುತ್ತು ಮತ್ತು 1000 ಸುತ್ತು. 540ರ ಶಾಫ್ಟಿನ ವ್ಯಾಸ 35 ಮಿ.ಮೀ., ಹಲ್ಲು 6. ಅದೇ ವ್ಯಾಸದ 1000ದ ಶಾಫ್ಟಿಗೆ ಹಲ್ಲು 21. ಒಂದರ ಉಪಕರಣ ಇನ್ನೊಂದಕ್ಕೆ ಕೂಡದಿರಲೆಂದೇ ಹಲ್ಲಿನ ಲೆಕ್ಕವನ್ನು ಬೇರೆಬೇರೆ ಇಟ್ಟಿದ್ದಾರೆ. ಪೇಟೆಯಲ್ಲಿ ಸಿಗುವ ಅಡಾಪ್ಟರ್ ತೋಳನ್ನು ಹಾಕಿ ಇವೆರಡನ್ನು ಕೂಡಿಸಿದರೆ ಆ ಕಾವಲನ್ನು ನಾವೇ ತೆಗೆದಂತಾಗುತ್ತದೆ. 540ಕ್ಕೆಂದು ಮಾಡಿದ ಯಂತ್ರವನ್ನು 1000ದಲ್ಲಿ ತಿರುಗಿಸಿದರೆ ಅದರ ಅಲಗುಗಳನ್ನು ಹೊರಕ್ಕೆಳೆಯುವ ಬಲ ಸುಮಾರು ಮೂರೂವರೆ ಪಟ್ಟಾಗುತ್ತದೆ. ಅಲಗು ಕಿತ್ತು ಹಾರಿದರೆ ಎದುರಿಗಿದ್ದವನ ಗತಿಯೇನು ಎಂದು ಹೇಳಬೇಕಾಗಿಲ್ಲ.

ಇಂಜಿನು ಯಾವ ವೇಗದಲ್ಲಿದ್ದರೆ ಪಿ.ಟಿ.ಓ. 540 ಸುತ್ತುತ್ತದೆ ಎಂಬುದು ಟ್ರಾಕ್ಟರಿನ ಕೈಪಿಡಿಯಲ್ಲಿದೆ. ಗೇಜಿನ ಮೇಲೂ ಹೆಚ್ಚಾಗಿ ಗುರುತಿರುತ್ತದೆ. ಪಂಪಿನ ವಿಷಯದಲ್ಲಿ ಇದನ್ನು ಅವಶ್ಯ ಗಮನಿಸಬೇಕು. ಸೆಂಟ್ರಿಫ್ಯೂಗಲ್ ಪಂಪಿನ ವೇಗವನ್ನು ನೂರಕ್ಕೆ 10ರಷ್ಟು ಏರಿಸಿದರೆ ನೀರು ಹೆಚ್ಚುವುದು 10ರಷ್ಟೇ. ಅದು ಕೇಳುವ ಶಕ್ತಿಯಾದರೋ 33ರಷ್ಟು ಹೆಚ್ಚುತ್ತದೆ. ಆಕ್ಸಿಲರೇಟರ್ ಒತ್ತಿ ಬೇಗ ನೀರು ಮುಗಿಸುತ್ತೇವೆಂಬವರು ಡೀಸೆಲನ್ನು ಸುಡುತ್ತಾರೆ.

ಯಂತ್ರಕ್ಕೆ ಬೇರೆ ವೇಗ ಬೇಕಿದ್ದರೆ ನಡುವೆ ಪುಲ್ಲಿ, ಬೆಲ್ಟು ಹಾಕಬೇಕು. ಲೆಕ್ಕ ಸುಲಭ: ಓಡಿಸುವ ಪುಲ್ಲಿಯ ವ್ಯಾಸವನ್ನು ಅದರ ಸುತ್ತಿನಿಂದ ಗುಣಿಸಿ, ಯಂತ್ರಕ್ಕೆ ಬೇಕಾದ ಸುತ್ತಿನಿಂದ ಭಾಗಿಸಿದರೆ ಯಂತ್ರದ ಪುಲ್ಲಿಯ ವ್ಯಾಸ ಬರುತ್ತದೆ. ಪಲ್ಪರಿನ ತಗಡಿನ ಮೇಲೆ 180 ಸುತ್ತು ಎಂದಿದ್ದು, ಓಡಿಸುವ ಪುಲ್ಲಿ 6 ಅಂಗುಲದ್ದಾದರೆ, ಪಲ್ಪರಿಗೆ 18 ಅಂಗುಲದ ಪುಲ್ಲಿ ಬೇಕು. ನಾಲ್ಕು ಧ್ರುವದ ಆಲ್ಟರ್ನೇಟರಿಗೆ 1500 ಸುತ್ತು ಬೇಕಾದ್ದರಿಂದ ಅಲ್ಲಿ ವೇಗವನ್ನು 2.78 ಪಟ್ಟು ಏರಿಸಬೇಕಾಗುತ್ತದೆ. ಹಿಂದಿನಿಂದ ನೋಡಿದರೆ ಪಿ.ಟಿ.ಓ. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಯಂತ್ರದ ಮೇಲಿರುವ ಬಾಣದ ಗುರುತಿನೊಡನೆ ಇದನ್ನು ಹೋಲಿಸಿಯೇ ಚಾಲೂ ಮಾಡತಕ್ಕದ್ದು.

2. ಶಾಫ್ಟಿನ ಉದ್ದ

ಟ್ರಾಕ್ಟರಿಗೂ ಉಪಕರಣಕ್ಕೂ ನಡುವಿನ ಶಾಫ್ಟು ಒಂದರೊಳಗೊಂದು ಜಾರುವ ಎರಡು ಕೊಳವೆಗಳಿಂದ ಆಗಿದೆ. ಅತಿ ಉದ್ದವಾದರೆ ಉಪಕರಣ ಎತ್ತಿದಾಗ ತುದಿ ಬಡಿದು ಟ್ರಾಕ್ಟರಿನ ಬೇರಿಂಗು ಒಡೆಯುತ್ತದೆ. ಅತಿ ಗಿಡ್ಡವಾದರೆ ಕೊಳವೆಗಳು ಕಳಚಿ, ತಿರುಗುವ ಅರ್ಧ ಶಾಫ್ಟು ದೊಣ್ಣೆಯಂತೆ ಬೀಸುತ್ತದೆ.

ಉಪಕರಣವನ್ನು ಮೇಲೆ ಕೆಳಗೆ ಮಾಡಿ, ಅಂತರ ಅತಿ ಕಡಮೆ ಇರುವ ಸ್ಥಿತಿಯನ್ನೂ ಅತಿ ಹೆಚ್ಚಿರುವ ಸ್ಥಿತಿಯನ್ನೂ ಅಳೆಯಬೇಕು. ಕಡಮೆ ಅಂತರದಲ್ಲಿ ಕೊಳವೆಯ ತುದಿಗೆ 2.5 ಸೆಂ.ಮೀ. ಆದರೂ ಬಿಡುವಿರಲಿ. ಹೆಚ್ಚಿನ ಅಂತರದಲ್ಲಿ ಕೊಳವೆಯ ಮೂರರಲ್ಲೊಂದು ಭಾಗ ಒಳಗೇ ಉಳಿದಿರಲಿ. 36 ಸೆಂ.ಮೀ. ಕೊಳವೆಯಾದರೆ 12 ಸೆಂ.ಮೀ. ಒಳಗಿರಬೇಕು; ಬಿಡುವನ್ನು ಕಳೆದರೆ ಆಟಕ್ಕೆ ಉಳಿಯುವುದು ಸುಮಾರು 21 ಸೆಂ.ಮೀ. ಮಾತ್ರ. ಎರಡು ಉಪಕರಣಗಳ ಅಂತರದಲ್ಲಿ ಇದಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಒಂದೇ ಶಾಫ್ಟು ಸಾಲದು. ಪ್ರತಿ ಉಪಕರಣಕ್ಕೂ ಅದರದೇ ಶಾಫ್ಟು ಇಡುವುದೇ ಕೊನೆಗೆ ಅಗ್ಗ. ಕತ್ತರಿಸುವಾಗ ಒಳಕೊಳವೆ, ಹೊರಕೊಳವೆ, ಪ್ಲಾಸ್ಟಿಕ್ ಕವಚದ ಎರಡು ಭಾಗ, ಈ ನಾಲ್ಕನ್ನೂ ಸಮನಾಗಿ ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ ಗ್ರೀಸ್ ಸವರಬೇಕು.

ನೆರೆಯವರ ಉಪಕರಣ ಎರವಲು ತರುವ ಪದ್ಧತಿ ನಮ್ಮಲ್ಲುಂಟು. ಅವರ ಟ್ರಾಕ್ಟರಿಗೆ ಕತ್ತರಿಸಿದ ಶಾಫ್ಟು ನಮ್ಮದಕ್ಕೆ ಸರಿಹೊಂದುತ್ತದೆಂದು ನಂಬಕೂಡದು. ಅಳತೆ ಹೊಸದಾಗಿಯೇ ಆಗಬೇಕು.

3. ಕೋನ

ಶಾಫ್ಟಿನ ಎರಡು ತುದಿಗೂ ಕ್ರಾಸ್ ಜಾಯಿಂಟುಗಳಿವೆ. ಜಾಯಿಂಟು ಬಾಗಿದಾಗ ಮುಂದಿನ ಶಾಫ್ಟು ಒಂದು ಸುತ್ತಿನಲ್ಲಿ ಎರಡು ಸಲ ವೇಗವಾಗಿಯೂ ಎರಡು ಸಲ ನಿಧಾನವಾಗಿಯೂ ತಿರುಗುತ್ತದೆ. 15 ಡಿಗ್ರಿ ಕೋನದಲ್ಲಿ 540 ಎಂಬುದು 522ರಿಂದ 559ರ ನಡುವೆ ತೂಗುತ್ತದೆ. 30 ಡಿಗ್ರಿಯಲ್ಲಾದರೆ 468ರಿಂದ 624ಕ್ಕೆ! ಎರಡನೆಯ ಜಾಯಿಂಟು ಈ ತೂಗಾಟವನ್ನು ಸರಿಪಡಿಸುತ್ತದೆ. ಅದಕ್ಕೆ ಷರತ್ತು ಎರಡು: ನಡುಶಾಫ್ಟಿನ ಎರಡೂ ಕವಲುಗಳು ಒಂದೇ ನೇರದಲ್ಲಿರಬೇಕು, ಎರಡೂ ತುದಿಯ ಕೋನ ಸಮನಾಗಿರಬೇಕು. ಶಾಫ್ಟನ್ನು ಬಿಚ್ಚಿ ಮತ್ತೆ ಕೂಡಿಸುವಾಗ ಕವಲು ಅಡ್ಡವಾದರೆ ಯಂತ್ರ ನಡುಗುತ್ತದೆ, ಕ್ರಾಸ್ ಬೇಗ ಸವೆಯುತ್ತದೆ. ಇಳಿಜಾರಿನ ತೋಟದಲ್ಲಿ ಪಂಪು ನಿಲ್ಲಿಸುವಾಗ ಟ್ರಾಕ್ಟರನ್ನು ಓರೆಯಾಗಿ ನಿಲ್ಲಿಸದೆ, ಪಂಪಿನ ನೇರಕ್ಕೆ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಬೇಕು.

ಗುಂಡಿ ತೋಡುವಾಗ ಬೇರು, ಬಂಡೆ ಸಿಕ್ಕಿದರೆ ಮೊದಲು ಮುರಿಯಲೆಂದೇ ಶಿಯರ್ ಬೋಲ್ಟು ಇದೆ. ಅದು ಮುರಿಯಿತೆಂದು ಗಟ್ಟಿ ಬೋಲ್ಟು ಹಾಕಿದರೆ ಮುಂದೆ ಮುರಿಯುವುದು ಗೇರ್‌ಬಾಕ್ಸು.

4. ಜೀವದ ಮಾತು

540 ಸುತ್ತು ಎಂದರೆ ಸೆಕೆಂಡಿಗೆ 9 ಸುತ್ತು. 8 ಸೆಂ.ಮೀ. ದಪ್ಪದ ಶಾಫ್ಟಿಗೆ ಬಟ್ಟೆಯ ತುದಿ ಸಿಕ್ಕಿದರೆ ಒಂದು ಸೆಕೆಂಡಿನಲ್ಲಿ ಎರಡು ಮೀಟರಿಗೂ ಹೆಚ್ಚು, ಅಂದರೆ ಒಂದು ಇಡೀ ಲುಂಗಿಯನ್ನು, ಅದು ಸುತ್ತಿಕೊಳ್ಳುತ್ತದೆ. ಕೂಗುವಷ್ಟೂ ಸಮಯವಿರುವುದಿಲ್ಲ. ಆದ್ದರಿಂದ:

ಕವಚವಿಲ್ಲದ ಶಾಫ್ಟನ್ನು ತಿರುಗಿಸಕೂಡದು. ಕವಚದ ಸರಪಳಿಯನ್ನು ಕಟ್ಟಿರಬೇಕು.

ಪಂಚೆ, ಸೆರಗು, ಹೆಗಲ ಟವೆಲ್, ಮಳೆಗಾಲದ ಕಂಬಳಿ ಕೊಪ್ಪೆ ಇವುಗಳೊಡನೆ ಯಾರೂ ಹತ್ತಿರ ಸುಳಿಯಬಾರದು.

ತಿರುಗುವ ಶಾಫ್ಟನ್ನು ದಾಟಕೂಡದು. ಸುತ್ತಿ ಬರುವುದು ನಾಲ್ಕು ಹೆಜ್ಜೆ ಹೆಚ್ಚಾದರೂ ಸರಿ.

ಪಲ್ಪರಿಗೆ ಹಣ್ಣು ಸಿಕ್ಕಿಕೊಂಡರೆ ಪಿ.ಟಿ.ಓ. ಬಿಡಿಸಿ, ಇಂಜಿನು ನಿಲ್ಲಿಸಿ, ಬೀಗದ ಕೈ ಕಿಸೆಗೆ ಹಾಕಿಕೊಂಡು ನಂತರವೇ ಕೈ ಹಾಕಬೇಕು.

ಯಂತ್ರದ ಹತ್ತಿರ ನಿಲ್ಲುವವರು ಹೆಚ್ಚಾಗಿ ನಮ್ಮ ಕೆಲಸದವರು. ಅವರಿಗೆ ಇದನ್ನು ಓದಿ ಹೇಳುವ ಹೊಣೆ ಮಾಲೀಕರಾದ ನಮ್ಮದು. ಹೊಸ ಉಪಕರಣ ಕೊಳ್ಳುವ ಮುನ್ನ ಟ್ರಾಕ್ಟರಿನ ಪಿ.ಟಿ.ಓ. ಹಲ್ಲಿನ ಸಂಖ್ಯೆ, ವೇಗ, ಅಂತರದ ಎರಡು ಅಳತೆ ಇವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿರಿ. ಆ ಚೀಟಿಗೆ ಹೊಂದದ ಉಪಕರಣ ಎಷ್ಟೇ ಅಗ್ಗವಾಗಿದ್ದರೂ ಬೇಡವೆನ್ನಿರಿ.