ಇನ್‌ಹೇಲರ್ ಇರುವಾಗ ಅಲರ್ಜಿ ಮಾತ್ರೆ

ನಿಮ್ಮ ತಂದೆಯವರು ಸಿಒಪಿಡಿಗೆ ಟಿಯೋಟ್ರೋಪಿಯಂ, ಫಾರ್ಮೋಟೆರಾಲ್ ಇನ್‌ಹೇಲರ್ ಬಳಸುತ್ತಿದ್ದಾರೆ ಎಂದಿದ್ದೀರಿ. ಸೀನು, ಮೂಗು ಸೋರುವುದಕ್ಕೆ ಸೆಟಿರಿಜಿನ್ ಇವುಗಳ ಜೊತೆ ಸಾಮಾನ್ಯವಾಗಿ ಹೊಂದುತ್ತದೆ; ಮೂತ್ರಪಿಂಡ ದುರ್ಬಲವಿದ್ದರೆ ಡೋಸ್ ಇಳಿಸಬೇಕಾದೀತು, ವೈದ್ಯರನ್ನು ಕೇಳಿ. ನನಗೆ ಆತಂಕವಿರುವುದು ಮೆಡಿಕಲ್ ಶಾಪಿನಲ್ಲಿ ಕೇಳಿದೊಡನೆ ಕೊಡುವ ಶೀತದ ಮಾತ್ರೆಗಳ ಬಗ್ಗೆ. ಸ್ಟ್ರಿಪ್ ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದಿ. ಕ್ಲೋರ್‌ಫೆನಿರಮೈನ್ ಇದ್ದರೆ ಬೇಡ: ಅದು ಮಂಪರು ತರುತ್ತದೆ, ಟಿಯೋಟ್ರೋಪಿಯಂ ಜೊತೆ ಸೇರಿ ಬಾಯಿ ಒಣಗಿಸುತ್ತದೆ, ಪ್ರಾಸ್ಟೇಟ್ ಊದಿಕೊಂಡಿರುವ ಹಿರಿಯರಿಗೆ ಮೂತ್ರವೇ ಕಟ್ಟಿಕೊಳ್ಳಬಹುದು. ಫಿನೈಲ್‌ಎಫ್ರಿನ್ ಇದ್ದರೂ ಬೇಡ. ಎದೆಬಡಿತ, ಬಿಪಿ ಏರಬಹುದು. ತೊಂದರೆ ಮೂಗಿನದಷ್ಟೇ ಆದರೆ ಸ್ಟಿರಾಯ್ಡ್ ಸ್ಪ್ರೇ ಮೇಲೆಂಬುದು ನನ್ನ ಅಭಿಪ್ರಾಯ. ಮಾತ್ರೆ ಶುರುವಾಯಿತೆಂದು ಇನ್‌ಹೇಲರ್ ಮಾತ್ರ ಬಿಡಬಾರದು. ಉಬ್ಬಸ ಹೆಚ್ಚಿದರೆ, ಕಫ ಹಳದಿ-ಹಸಿರಾದರೆ, ಅಲರ್ಜಿ ಇರಬೇಕೆಂದು ಕಾಯದೆ ಅಂದೇ ವೈದ್ಯರಿಗೆ ತೋರಿಸಿ.